ಮಕ್ಕಳ ಜೊತೆ ನೋಡಿದ ಸಿನಿಮಾಗಳು: ನನ್ನ ಓಟು ‘ಸು ಫ್ರಮ್ ಸೋ’ಗೆ

ಮೊದಲೇ ಹೇಳಿಬಿಡುತ್ತೇನೆ. 2025ರಲ್ಲಿ ನಮ್ಮ ಮನೆಯವರೆಲ್ಲ ನೋಡಿದ ಸಿನಿಮಾಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ‘ಸು ಫ್ರಮ್ ಸೋ’. ‘ಕಾಂತಾರ: ಚಾಪ್ಟರ್ 1’ ಅದಕ್ಕಿಂತ ಎಷ್ಟೋ ಪಾಲು ದೊಡ್ಡ ಸಿನಿಮಾ. ‘ಮಹಾವತಾರ ನರಸಿಂಹ’ ಅಂದರೆ ನನ್ನ ಮಗಳಿಗೆ ಪ್ರಾಣ. ಆದರೂ ಬೆಳೆಯುತ್ತಿರುವ ಮಗನ ಪಕ್ಕ ಕೂತು ನೋಡುವ ಅಮ್ಮನಾಗಿ ನನ್ನ ಓಟು ಆ ಚಿಕ್ಕ ಸಿನಿಮಾಗೇ.

ನಾವಿರುವುದು ಮೈಸೂರಿನಲ್ಲಿ. ಮಗನಿಗೆ ಹನ್ನೆರಡು, ಮಗಳಿಗೆ ಏಳು. ಅತ್ತೆ ಪುತ್ತೂರು ಕಡೆಯವರು, ಈಗ ನಮ್ಮ ಜೊತೆಗೇ ಇದ್ದಾರೆ. ಅವರಿಗೆ ಸಿನಿಮಾ ಅಂದರೆ ಬಹಳ ಆಸೆ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಸಿನಿಮಾ ಆರಿಸಬೇಕು ಅಂದರೆ ಏಳು ವರ್ಷದವಳಿಗೂ ಆಗಬೇಕು, ಎಪ್ಪತ್ತು ದಾಟಿದವರಿಗೂ ಆಗಬೇಕು. ಅಂಥ ಸಿನಿಮಾ ವರ್ಷಕ್ಕೆ ಎಷ್ಟು ಬರುತ್ತವೆ ಹೇಳಿ?

‘ಸು ಫ್ರಮ್ ಸೋ’ ಮತ್ತು ‘ಮಹಾವತಾರ ನರಸಿಂಹ’ ಎರಡೂ ಒಂದೇ ದಿನ, 2025ರ ಜುಲೈ 25ಕ್ಕೆ ಬಂದವು. ಒಂದರಲ್ಲಿ ಸ್ಟಾರ್ ಇಲ್ಲ, ಇನ್ನೊಂದರಲ್ಲಿ ನಟರೇ ಇಲ್ಲ, ಪೂರ್ತಿ ಅನಿಮೇಷನ್. ಎರಡೂ ಜನರ ಬಾಯಿಂದ ಬಾಯಿಗೆ ಹರಡಿ ಗೆದ್ದವು. ನಮಗೂ ಸುದ್ದಿ ಮುಟ್ಟಿದ್ದು ಹಾಗೇ. ಪಕ್ಕದ ಮನೆಯವರು ರಾತ್ರಿ ಶೋ ಮುಗಿಸಿಕೊಂಡು ಬಂದು, ಬೆಳಿಗ್ಗೆ ಹಾಲು ತೆಗೆದುಕೊಳ್ಳುವಾಗಲೂ ನಗುತ್ತಿದ್ದರು. ‘ನೀವು ಅತ್ತೆಯನ್ನ ಕರ್ಕೊಂಡು ಹೋಗ್ಲೇಬೇಕು’ ಅಂದರು. ಹೋದೆವು.

ಕಥೆ ನಡೆಯುವುದು ಕರಾವಳಿಯ ಮರ್ಲೂರು ಅನ್ನುವ ಊರಿನಲ್ಲಿ. ಅಶೋಕ ಅನ್ನುವ ಹುಡುಗ ತಾನು ಇಷ್ಟಪಟ್ಟ ಹುಡುಗಿಯ ಬಚ್ಚಲ ಕಿಟಕಿ ಹತ್ತಿರ ಸುಳಿದಾಡಲು ಹೋಗಿ ಸಿಕ್ಕಿಬೀಳುತ್ತಾನೆ. ತಪ್ಪಿಸಿಕೊಳ್ಳುವುದಕ್ಕೆ ಮೈಮೇಲೆ ಏನೋ ಬಂದ ಹಾಗೆ ಆಡುತ್ತಾನೆ. ಊರವರು ಅದನ್ನ ನಂಬಿಬಿಡುತ್ತಾರೆ. ದೆವ್ವಕ್ಕೆ ಒಂದು ಹೆಸರೂ ಸಿಗುತ್ತದೆ, ಸೋಮೇಶ್ವರದ ಸುಲೋಚನಾ. ಅದೇ ‘ಸು ಫ್ರಮ್ ಸೋ’. ಸೋಮೇಶ್ವರ ಅಂದ ತಕ್ಷಣ ಅತ್ತೆ ನನ್ನ ಕೈ ಹಿಡಿದು, ‘ನಮ್ಮ ಉಳ್ಳಾಲದ ಹತ್ತಿರ ಸೋಮನಾಥ ದೇವಸ್ಥಾನ ಉಂಟಲ್ಲ, ಸಮುದ್ರದ ಬದಿಗೆ, ಅದೇ ಊರು’ ಎಂದು ಥಿಯೇಟರಿನಲ್ಲೇ ವಿವರಿಸಿದರು. ಹಿಂದಿನ ಸಾಲಿನವರಿಗೂ ಕೇಳಿಸಿತು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಜೆ.ಪಿ. ತುಮಿನಾಡು ಅವರೇ ಬರೆದು, ನಿರ್ದೇಶಿಸಿ, ಅಶೋಕನಾಗಿಯೂ ನಟಿಸಿದ್ದಾರೆ. ನಿರ್ಮಾಪಕರಲ್ಲಿ ಒಬ್ಬರಾದ ರಾಜ್ ಬಿ. ಶೆಟ್ಟಿ ಕರುಣಾಕರ ಗುರೂಜಿಯ ಪಾತ್ರ ಮಾಡಿದ್ದಾರೆ. ಶನೀಲ್ ಗೌತಮ್ ಮಾಡಿರುವ ರವಿಯಣ್ಣ ಇದ್ದಾರಲ್ಲ, ಅವರು ನನಗೆ ಬಹಳ ಇಷ್ಟ. ಊರಿಗೆ ಯಾವ ತಾಪತ್ರಯ ಬಂದರೂ ಮುಂದೆ ನಿಲ್ಲುವವರು, ಮದುವೆ ಆಗದವರು, ಗತ್ತು ಬಿಡದವರು. ಅಂಥ ಒಬ್ಬರು ನಮ್ಮ ತವರೂರಿನಲ್ಲೂ ಇದ್ದರು. ಕರೆಂಟ್ ಹೋದರೂ ಅವರನ್ನೇ ಕರೆಯುತ್ತಿದ್ದರು, ಹೆಣ ಎತ್ತುವುದಕ್ಕೂ ಅವರನ್ನೇ ಕರೆಯುತ್ತಿದ್ದರು. ಬಾವನಾಗಿ ಬರುವ ಪುಷ್ಪರಾಜ್ ಬೋಳಾರ್ ಅವರನ್ನ ನೋಡಿದರೆ ಸಾಕು, ಮಗಳು ಈಗಲೂ ಬಾವನ ಹಾಡಿಗೆ ಕುಣಿಯುತ್ತಾಳೆ.

ನಾನು ಈ ಸಿನಿಮಾವನ್ನ ಇಷ್ಟು ಮೆಚ್ಚುವುದಕ್ಕೆ ನಗು ಅಷ್ಟೇ ಕಾರಣ ಅಲ್ಲ. ಶುರುವಿನಲ್ಲಿ ಬಚ್ಚಲ ಕಿಟಕಿಯ ಪ್ರಸಂಗ ಬಂದಾಗ ನನಗೆ ಕಸಿವಿಸಿ ಆಯಿತು. ಪಕ್ಕದಲ್ಲಿ ಹನ್ನೆರಡು ವರ್ಷದ ಮಗ. ಥಿಯೇಟರಿನಲ್ಲಿ ಎಲ್ಲರೂ ನಗುತ್ತಿದ್ದಾರೆ, ಅವನೂ ನಗುತ್ತಿದ್ದಾನೆ. ಇಂಥದ್ದನ್ನ ತಮಾಷೆ ಅಂತ ತೋರಿಸಿ ಬಿಟ್ಟುಬಿಟ್ಟರೆ ಏನು ಮಾಡೋದು ಎಂದು ಯೋಚಿಸುತ್ತಿದ್ದೆ. ಎಷ್ಟೋ ಸಿನಿಮಾಗಳು ಹಾಗೇ ಮಾಡಿವೆ, ಹೀರೋ ಅನ್ನಿಸಿಕೊಂಡವನೇ ಹುಡುಗಿಯ ಹಿಂದೆ ಬೀಳುತ್ತಾನೆ, ಕೊನೆಗೆ ಹುಡುಗಿಯೂ ಒಪ್ಪುತ್ತಾಳೆ. ಇಲ್ಲಿ ಹಾಗಾಗುವುದಿಲ್ಲ. ಸುಲೋಚನಾಳ ಮಗಳು ಭಾನು ಬರುತ್ತಾಳೆ. ಸಂಧ್ಯಾ ಅರಕೆರೆ ಈ ಪಾತ್ರ ಮಾಡಿದ್ದಾರೆ. ಊರವರಿಗೆ ತಮಾಷೆಯಾಗಿದ್ದ ದೆವ್ವ ಅವಳಿಗೆ ತೀರಿಹೋದ ಅಮ್ಮ. ಅವಳ ಬದುಕಿನ ಕಷ್ಟ ಏನು ಅಂತ ತಿಳಿಯುತ್ತಾ ಹೋದ ಹಾಗೆ ಅಶೋಕ ಬದಲಾಗುತ್ತಾನೆ. ಕದ್ದು ನೋಡಲು ಹೋಗಿದ್ದವನೇ ಕೊನೆಗೆ ಒಬ್ಬ ಹೆಣ್ಣಿನ ಪರವಾಗಿ ಎಲ್ಲರ ಎದುರು ನಿಲ್ಲುತ್ತಾನೆ. ಭಾಷಣ ಇಲ್ಲ, ಉಪದೇಶ ಇಲ್ಲ. ಊರಿನ ಗಂಡಸರೆಲ್ಲ ನಗುತ್ತಾ ಶುರು ಮಾಡಿದ ಕಥೆ ಅವರನ್ನೇ ತಲೆ ತಗ್ಗಿಸುವ ಹಾಗೆ ಮಾಡಿ ಮುಗಿಯುತ್ತದೆ.

ಮನೆಗೆ ಬರುವಾಗ ಮಗ ಕೇಳಿದ, ‘ಅಮ್ಮಾ, ಅಶೋಕ ಮೊದಲೇ ನಿಜ ಹೇಳಿದ್ರೆ ಏನಾಗ್ತಿತ್ತು?’ ‘ಏಟು ಬೀಳ್ತಿತ್ತು’ ಅಂದರು ಅವರಪ್ಪ. ‘ಮತ್ತೆ ಆ ಬಚ್ಚಲ ಹುಡುಗಿಗೆ ಯಾರೂ ಸಾರಿ ಕೇಳಲೇ ಇಲ್ವಲ್ಲ?’ ಅಂದ. ನಾನು ಎಷ್ಟು ದಿನದಿಂದ ಹೇಗೆ ಶುರು ಮಾಡಲಿ ಅಂದುಕೊಂಡಿದ್ದ ಮಾತು ಅದು. ಬಾತ್‌ರೂಮ್ ಬಾಗಿಲು, ಬೇರೆಯವರ ಮೊಬೈಲು, ಫೋಟೋ ತೆಗೆಯುವುದು, ಎಲ್ಲ ಅವತ್ತು ಕಾರಿನಲ್ಲಿ ಬಂದುಹೋಯಿತು. ಅವನು ಮುಖ ತಿರುಗಿಸದೆ ಕೇಳಿಸಿಕೊಂಡ. ಇದಕ್ಕಿಂತ ಹೆಚ್ಚು ಒಂದು ಸಿನಿಮಾದಿಂದ ನಾನೇನೂ ಬಯಸುವುದಿಲ್ಲ.

ಕೊರತೆಗಳಿವೆ. ಕುಡಿತ ವಿಪರೀತ. ಯಾವುದೇ ಗಂಡಸು ಸಿಕ್ಕರೂ ಕೈಯಲ್ಲಿ ಗ್ಲಾಸು. ಗುರೂಜಿ ಬಂದ ಮೇಲೆ ಸ್ವಲ್ಪ ಎಳೆದ ಹಾಗಾಗುತ್ತದೆ. ಕೆಲವು ಜೋಕುಗಳು ಮಕ್ಕಳಿಗೆ ಬೇಡ ಅನ್ನಿಸಿತು, ಮಗಳಿಗೆ ಅರ್ಥವಾಗದೆ ಹೋಗಿದ್ದೇ ಒಳ್ಳೆಯದಾಯಿತು. ಆದರೆ ಹೆದರಿಸುವ ಸಿನಿಮಾ ಇದು ಅಲ್ಲವೇ ಅಲ್ಲ. ರಾತ್ರಿ ಅವಳು ಆರಾಮಾಗಿ ಮಲಗಿದಳು.

ಇನ್ನು ‘ಮಹಾವತಾರ ನರಸಿಂಹ’. ಅಶ್ವಿನ್ ಕುಮಾರ್ ನಿರ್ದೇಶನ, ಹೊಂಬಾಳೆ ಫಿಲ್ಮ್ಸ್‌ನವರು ಅರ್ಪಿಸಿದ್ದು. ನಾವು ನೋಡಿದ್ದು ಕನ್ನಡದಲ್ಲೇ. ಮೊದಲು ವರಾಹ, ಹಿರಣ್ಯಾಕ್ಷ, ಆಮೇಲೆ ಹಿರಣ್ಯಕಶಿಪು, ಪ್ರಹ್ಲಾದ. ಅತ್ತೆ ಈ ಕಥೆಯನ್ನ ಮಗಳಿಗೆ ರಾತ್ರಿ ಎಷ್ಟೋ ಸಲ ಹೇಳಿದ್ದಾರೆ. ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ಇರುಳೂ ಅಲ್ಲ ಅನ್ನುವ ಭಾಗ ಅವಳಿಗೆ ಬಾಯಿಪಾಠ. ಹಾಗಾಗಿ ಕಂಬ ಒಡೆಯುವ ಹೊತ್ತಿಗೆ ಸೀಟಿನ ಮೇಲೆ ಎದ್ದು ನಿಂತಿದ್ದಳು. ಕೊನೆಯ ಹೋರಾಟ ಮಾತ್ರ ಬಹಳ ಉದ್ದ, ರಕ್ತವೂ ಜಾಸ್ತಿ. ಅನಿಮೇಷನ್ ಅಂದ ಮಾತ್ರಕ್ಕೆ ಪುಟ್ಟ ಮಕ್ಕಳಿಗೆ ಅಂದುಕೊಳ್ಳಬೇಡಿ. ನಾಲ್ಕೈದು ವರ್ಷದವರನ್ನ ಕರೆದುಕೊಂಡು ಹೋದರೆ ಕೊನೆಯ ಭಾಗದಲ್ಲಿ ಹೊರಗೆ ಬರಬೇಕಾಗಬಹುದು. ನಮ್ಮ ಮುಂದಿನ ಸಾಲಿನಿಂದ ಒಬ್ಬ ಅಪ್ಪ ಹಾಗೇ ಮಗುವನ್ನ ಎತ್ತಿಕೊಂಡು ಹೋದರು.

ನನಗೆ ಕಾಡಿದ್ದು ಇನ್ನೊಂದು. ನಾನು ಬೆಳೆದಿದ್ದು 1983ರ ‘ಭಕ್ತ ಪ್ರಹ್ಲಾದ’ವನ್ನ ಟೀವಿಯಲ್ಲಿ ನೋಡಿಕೊಂಡು. ರಾಜ್‌ಕುಮಾರ್ ಹಿರಣ್ಯಕಶಿಪು, ಪುಟ್ಟ ಪುನೀತ್ ಪ್ರಹ್ಲಾದ. ಅಲ್ಲಿ ಅಣ್ಣಾವ್ರು ಮಗನನ್ನ ನೋಡುವ ನೋಟದಲ್ಲಿ ಸಿಟ್ಟೂ ಇದೆ, ಸಂಕಟವೂ ಇದೆ. ಸ್ವಂತ ಮಗನೇ ತನ್ನ ಮಾತು ಕೇಳುತ್ತಿಲ್ಲ ಅನ್ನುವ ಅಪ್ಪನ ನೋವು ಅದು. ತೆರೆ ಮೇಲೆ ನಿಜವಾಗಿಯೂ ಅಪ್ಪ ಮಗನೇ ನಿಂತಿದ್ದಾರೆ ಅನ್ನುವುದೂ ಸೇರಿ ಗಂಟಲು ಕಟ್ಟುತ್ತದೆ. ಅನಿಮೇಷನ್ನಿನ ಹಿರಣ್ಯಕಶಿಪುಗೆ ಗಾತ್ರ ಇದೆ, ಗರ್ಜನೆ ಇದೆ, ಆ ಸಂಕಟ ಇಲ್ಲ. ಮನುಷ್ಯರ ಮುಖಗಳು ಅಲ್ಲಲ್ಲಿ ಬಿಗಿಯಾಗಿ, ಗೊಂಬೆಯ ಮುಖದ ಹಾಗೆ ಕಾಣುತ್ತವೆ. ಒಂದು ಭಾನುವಾರ ಮಕ್ಕಳಿಗೆ ಹಳೆಯದನ್ನೂ ಹಾಕಿ ತೋರಿಸಿದೆ. ಮಗಳಿಗೆ ಹೊಸದೇ ಇಷ್ಟ. ಮಗ ಮಾತ್ರ ಅಪ್ಪು ಹಾಡು ಹೇಳುವಾಗ ಅಲ್ಲಾಡದೆ ಕೂತಿದ್ದ. ಅಷ್ಟು ಸಾಕು ನನಗೆ.

‘ಕಾಂತಾರ: ಚಾಪ್ಟರ್ 1’ ಬಂದಿದ್ದು ಅಕ್ಟೋಬರ್ 2ಕ್ಕೆ, ವಿಜಯದಶಮಿಯ ದಿನವೇ. ಆ ವರ್ಷ ಜಾತಿ ಸಮೀಕ್ಷೆಯ ಕಾರಣಕ್ಕೆ ಸರ್ಕಾರಿ ಶಾಲೆಗಳ ದಸರಾ ರಜೆಯನ್ನ 18ರವರೆಗೆ ವಿಸ್ತರಿಸಿದ್ದರು, ಊರ ತುಂಬಾ ಮಕ್ಕಳು. ಮಗ ದಿನಾ ಕೇಳುತ್ತಿದ್ದ. ಇಲ್ಲಿ ಒಂದು ವಿಷಯ ಅಪ್ಪ ಅಮ್ಮಂದಿರಿಗೆ ಹೇಳಬೇಕು. 2024ರ ನವೆಂಬರ್‌ನಿಂದ ಸೆನ್ಸಾರ್‌ನವರು ಸಿನಿಮಾಗಳಿಗೆ ಕೊಡುವ ಯುಎ ಸರ್ಟಿಫಿಕೇಟನ್ನ 7+, 13+, 16+ ಅಂತ ಮೂರು ಮಾಡಿದ್ದಾರೆ. ‘ಎ’ ಅಂದರೆ ಹದಿನೆಂಟು ತುಂಬದವರಿಗೆ ಪ್ರವೇಶವೇ ಇಲ್ಲ. ಯುಎ ಅಂದರೆ ತಡೆ ಇಲ್ಲ, ಆದರೆ ಆ ವಯಸ್ಸಿಗಿಂತ ಚಿಕ್ಕವರ ಜವಾಬ್ದಾರಿ ನಮ್ಮದು. ಟಿಕೆಟ್ ಬುಕ್ ಮಾಡುವಾಗ ಸಿನಿಮಾ ಹೆಸರಿನ ಪಕ್ಕದಲ್ಲೇ ಹಾಕಿರುತ್ತಾರೆ, ದಯವಿಟ್ಟು ನೋಡಿ. ಕಾಂತಾರಕ್ಕೆ ಸಿಕ್ಕಿದ್ದು 16+. ಹಾಗಾಗಿ ನಮ್ಮ ಮನೆಯವರು ಮೊದಲು ಗೆಳೆಯರ ಜೊತೆ ನೋಡಿಕೊಂಡು ಬಂದರು. ಆಮೇಲೆ ನಾನು, ಅತ್ತೆ, ಮಗ ಹೋದೆವು. ಮಗಳನ್ನ ಕರೆದುಕೊಂಡು ಹೋಗಲಿಲ್ಲ.

ನೋಡುವುದಕ್ಕೆ ಅದ್ಭುತ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ ಕಾಡಿನೊಳಗೆ ಹೋದರೆ ನಮಗೂ ತಣ್ಣಗಾಗುತ್ತದೆ. ಕದಂಬರ ಕಾಲದ ಬಾಂಗ್ರ ರಾಜ್ಯ, ಸಂಬಾರ ಪದಾರ್ಥದ ವ್ಯಾಪಾರ, ಬಂದರು, ಓಡುವ ರಥ, ಎಲ್ಲವೂ ಕಣ್ಣು ತುಂಬುವಂತಿವೆ. ಕನಕವತಿಯಾಗಿ ರುಕ್ಮಿಣಿ ವಸಂತ್ ಬರೀ ಚೆಂದದ ರಾಜಕುಮಾರಿ ಅಂದುಕೊಂಡು ಕೂತಿದ್ದೆ, ಮುಂದೆ ಅವರು ಮಾಡಿದ್ದು ನೋಡಿ ಬೆರಗಾದೆ. ಅದನ್ನ ಹೇಳಿಬಿಟ್ಟರೆ ಮಜಾ ಹೋಗುತ್ತದೆ. ಕುಡುಕ ರಾಜನಾಗಿ ಗುಲ್ಶನ್ ದೇವಯ್ಯ, ಅಪ್ಪನಾಗಿ ಜಯರಾಮ್, ಇಬ್ಬರೂ ಚೆನ್ನಾಗಿ ಮಾಡಿದ್ದಾರೆ. ರಿಷಬ್ ಶೆಟ್ಟಿ ಬಗ್ಗೆ ಹೇಳುವುದೇನು, ದೈವ ಮೈಮೇಲೆ ಬಂದಾಗ ಆ ಕಣ್ಣುಗಳನ್ನ ನೋಡುವುದಕ್ಕೇ ಹೆದರಿಕೆ.

ಆದರೆ 2022ರ ‘ಕಾಂತಾರ’ ನನಗೆ ಹತ್ತಿರ ಅನ್ನಿಸಿದಷ್ಟು ಇದು ಅನ್ನಿಸಲಿಲ್ಲ. ಅದರಲ್ಲಿ ಹೀರೋ ಶಿವನಿಗೆ ಬೈಯುವ ಅಮ್ಮ ಇದ್ದಳು. ಮಾನಸಿ ಸುಧೀರ್ ಮಾಡಿದ ಕಮಲ, ನಮ್ಮ ಮನೆಯ ಪಕ್ಕದಲ್ಲೇ ಇರುವವಳ ಹಾಗೆ. ಜಮೀನು, ಕಾಡು, ಫಾರೆಸ್ಟ್ ಆಫೀಸರ್, ಧಣಿ, ಎಲ್ಲ ಗೊತ್ತಿರುವ ಜಗಳಗಳು. ಇಲ್ಲಿ ಎಲ್ಲ ದೊಡ್ಡದು. ಯುದ್ಧ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಯುದ್ಧ. ಎರಡೂ ಮುಕ್ಕಾಲು ಗಂಟೆ ಅತ್ತೆಗೆ ಕೂರುವುದು ಕಷ್ಟವಾಯಿತು. ಥಿಯೇಟರಿನವರು ಸೌಂಡ್ ಕೊಟ್ಟಿದ್ದಂತೂ ಅತಿಯಾಯಿತು, ಅತ್ತೆ ಸೆರಗನ್ನ ಕಿವಿಗೆ ಒತ್ತಿಕೊಂಡು ಕೂತಿದ್ದರು. ಇಂಟರ್‌ವಲ್‌ನಲ್ಲಿ ಹೋಗಿ ಹೇಳಿದೆ, ಕಡಿಮೆ ಮಾಡಲಿಲ್ಲ. ವಯಸ್ಸಾದವರು, ಮಕ್ಕಳು ಬರುವ ಜಾಗ ಅದು. ಕೇಳಿದಾಗ ಒಂದಿಷ್ಟು ತಗ್ಗಿಸುವುದರಲ್ಲಿ ಯಾರಿಗೂ ನಷ್ಟವಿಲ್ಲ.

ಮರುದಿನ ಮಗ ಹಾಲ್‌ನಲ್ಲಿ ಟವೆಲ್ ಸುತ್ತಿಕೊಂಡು ‘ಓ...’ ಅಂತ ಕೂಗುತ್ತಾ ಕುಣಿಯತೊಡಗಿದ. ಅತ್ತೆ ದೇವರ ಮುಂದೆ ಕೂತವರು ಎದ್ದು ಬಂದರು. ‘ಅದು ಆಟಕ್ಕೆ ಮಾಡುವಂಥದ್ದಲ್ಲ ಮಗಾ. ನಮ್ಮಲ್ಲಿ ದೈವದ ನೇಮ ಆಗುವಾಗ ಎಷ್ಟು ಭಯಭಕ್ತಿಯಲ್ಲಿ ಇರ್ತೇವೆ ಗೊತ್ತುಂಟಾ? ಕಷ್ಟ ಹೇಳಿಕೊಳ್ಳಲಿಕ್ಕೆ ಹೋಗುವ ಜಾಗ ಅದು’ ಎಂದು ಕೂರಿಸಿಕೊಂಡು ಹೇಳಿದರು. ಸಿನಿಮಾ ಬಂದ ಕೆಲವೇ ದಿನಕ್ಕೆ ಹೊಂಬಾಳೆಯವರೂ ದೈವದ ವೇಷ, ಹಾವಭಾವ ಅನುಕರಿಸಬೇಡಿ ಎಂದು ಪ್ರೇಕ್ಷಕರನ್ನ ಕೇಳಿಕೊಂಡರು. ಒಳ್ಳೆಯ ಕೆಲಸ ಮಾಡಿದರು. ಕರಾವಳಿಯವರಿಗೆ ಅದು ಮನೆಯ ದೈವ, ನಾವು ಘಟ್ಟದ ಮೇಲಿನವರು ಮಕ್ಕಳಿಗೆ ಇದನ್ನ ಬಿಡಿಸಿ ಹೇಳಲೇಬೇಕು. ಅತ್ತೆ ಅವತ್ತು ಪಂಜುರ್ಲಿ, ಗುಳಿಗ ದೈವಗಳ ಕಥೆ ಹೇಳಿದ್ದು ಕೇಳಿ ಮಗ ಈಗ ಪುತ್ತೂರಿಗೆ ಹೋಗಿ ನೇಮ ನೋಡಬೇಕು ಅನ್ನುತ್ತಿದ್ದಾನೆ.

ಮಲಯಾಳಂನ ‘ಲೋಕಾ’ವನ್ನೂ ಮನೆಯಲ್ಲೇ ನೋಡಿದೆವು. ನಮ್ಮ ಬೆಂಗಳೂರಿನಲ್ಲೇ ನಡೆಯುವ ಕಥೆ. ಕಲ್ಯಾಣಿ ಪ್ರಿಯದರ್ಶನ್ ಹಾರಿ ಹೊಡೆಯುವುದು ನೋಡಿ ಖುಷಿಯಾಯಿತು. ದ್ವಿತೀಯಾರ್ಧ ನನಗೆ ಅಷ್ಟಕ್ಕಷ್ಟೆ. ಮಗನಿಗೆ ಮುಂದಿನ ಭಾಗ ಯಾವಾಗ ಅನ್ನುವ ಚಿಂತೆ.

ದುಡ್ಡಿನ ಮಾತೂ ಹೇಳಬೇಕು. ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಐದು ಜನದ ಟಿಕೆಟ್ಟು, ಪಾಪ್‌ಕಾರ್ನ್, ಪಾರ್ಕಿಂಗ್ ಸೇರಿದರೆ ತಿಂಗಳ ಹಾಲಿನ ಬಿಲ್ಲನ್ನ ದಾಟುತ್ತದೆ. ಆದ್ದರಿಂದ ನಾವು ಬೆಳಗಿನ ಶೋಗೆ ಹೋಗುತ್ತೇವೆ, ದರವೂ ಕಡಿಮೆ, ಅತ್ತೆಗೂ ನಿದ್ದೆ ಕೆಡುವುದಿಲ್ಲ.

‘ಸು ಫ್ರಮ್ ಸೋ’ ಈಗ ಜಿಯೋಹಾಟ್‌ಸ್ಟಾರ್‌ಗೆ ಬಂದಿದೆ. ಹತ್ತು ಹನ್ನೊಂದು ವರ್ಷ ದಾಟಿದ ಹುಡುಗರಿರುವ ಮನೆಯವರು ದಯವಿಟ್ಟು ಅವರ ಜೊತೆ ಕೂತು ನೋಡಿ, ಮೊಬೈಲಿನಲ್ಲಿ ಅವರಷ್ಟಕ್ಕೆ ನೋಡಲು ಬಿಡಬೇಡಿ. ಭಾನು ಬಂದ ಮೇಲಿನ ಭಾಗದಲ್ಲಿ ಯಾರೂ ಎದ್ದು ಅಡುಗೆಮನೆಗೆ ಹೋಗಬೇಡಿ.