ಇನ್ನೋವಾ 2.5 ಡೀಸೆಲ್, ಕಲಬುರಗಿ: ಟೈಮಿಂಗ್ ಬೆಲ್ಟ್ ಮಾತ್ರ ಮುಂದೂಡಬೇಡಿ

ನಮ್ಮದು 2012ರ ಟೊಯೋಟಾ ಇನ್ನೋವಾ, 2.5 ಡೀಸೆಲ್. ಹೊಸದಾಗಿ ತಂದಿದ್ದು, ಇವತ್ತಿಗೂ ಮನೆಯಲ್ಲೇ ಇದೆ. ಓಡಾಟ ಹೆಚ್ಚಾಗಿ ಹುಮನಾಬಾದ್, ಬೀದರ್ ಕಡೆ. ಹುಣ್ಣಿಮೆ ಬಂದರೆ ಗಾಣಗಾಪುರ. ಮೇ ತಿಂಗಳ ನಮ್ಮ ಬಿಸಿಲಲ್ಲೂ ಹಿಂದಿನ ಸೀಟಿನವರೆಗೆ ಏಸಿ ತಂಪು ಮುಟ್ಟುತ್ತದೆ. ಸೀಟು, ಸಸ್ಪೆನ್ಷನ್ ಬಗ್ಗೆ ದೂರೇ ಇಲ್ಲ. ಇದೆಲ್ಲ ಎಲ್ಲರೂ ಬರೆದಿದ್ದಾರೆ. ಈ ಗಾಡಿಗಳು ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕೈ ಬದಲಾಗುತ್ತಿವೆ, ಕೊಳ್ಳುವವರು ಟೈರ್ ನೋಡುತ್ತಾರೆ, ಪೇಂಟ್ ನೋಡುತ್ತಾರೆ, ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು ಅಂತ ಕೇಳೋದೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾದ 2.4 ಎಂಜಿನ್‌ನಲ್ಲಿ ಈ ಕೆಲಸಕ್ಕೆ ಇರೋದು ಚೈನ್. ಅದಕ್ಕೂ ಹಿಂದಿನ ನಮ್ಮ 2.5ರಲ್ಲಿ ಹಲ್ಲಿರುವ ರಬ್ಬರ್ ಬೆಲ್ಟ್. ಕೆಳಗೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಎರಡು ಸುತ್ತು ತಿರುಗಿದರೆ ಮೇಲೆ ಕ್ಯಾಮ್ (ವಾಲ್ವ್, ಅಂದರೆ ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ಬಾಗಿಲು, ತೆರೆಯುವ ದಂಡ) ಒಂದು ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪದ ಹಾಗೆ ಹಿಡಿದಿರೋದು ಆ ಬೆಲ್ಟ್. ಹೈವೇಯಲ್ಲಿ ಎಂಜಿನ್ 2,000 ಆರ್‌ಪಿಎಂನಲ್ಲಿದ್ದರೆ ಒಂದೊಂದು ವಾಲ್ವ್ ನಿಮಿಷಕ್ಕೆ 1,000 ಸಲ ತೆರೆದು ಮುಚ್ಚುತ್ತದೆ. ವಾಲ್ವ್ ಇಳಿದು ಬರುವ ಜಾಗಕ್ಕೇ ಪಿಸ್ಟನ್ ಕೂಡ ಏರಿ ಬರುತ್ತದೆ, ಬೇರೆ ಬೇರೆ ಹೊತ್ತಿಗೆ. ಬೆಲ್ಟ್ ಹರಿದರೆ ಕ್ಯಾಮ್ ನಿಂತುಬಿಡುತ್ತದೆ, ಕೆಲವು ವಾಲ್ವ್ ತೆರೆದೇ ಉಳಿಯುತ್ತವೆ. ಗಾಡಿಯ ಓಟಕ್ಕೆ ಪಿಸ್ಟನ್ ಮಾತ್ರ ಮೇಲೆ ಬರುತ್ತಲೇ ಇರುತ್ತದೆ, ಬಂದು ಹೊಡೆಯುತ್ತದೆ. ವಾಲ್ವ್ ಬೆಂಡ್ ಆಗುತ್ತವೆ, ಗ್ರಹಚಾರ ಕೆಟ್ಟಿದ್ದರೆ ಪಿಸ್ಟನ್ನೂ ಹೋಗುತ್ತದೆ. ಕೆಲವು ಪೆಟ್ರೋಲ್ ಎಂಜಿನ್‌ಗಳಲ್ಲಿ ಎರಡರ ನಡುವೆ ಜಾಗ ಇರುತ್ತದೆ, ಬೆಲ್ಟ್ ಹರಿದರೂ ಗಾಡಿ ಸುಮ್ನೆ ನಿಲ್ಲುತ್ತದೆ ಅಷ್ಟೇ. ಡೀಸೆಲ್‌ನಲ್ಲಿ ಕಂಪ್ರೆಷನ್ ಜಾಸ್ತಿ, ಹಾಗಾಗಿ ಆ ಜಾಗವೇ ಇರಲ್ಲ.

ನಮ್ಮ ಓಣಿಯ ಕಾಕಾ ಒಬ್ಬರ ಬೇರೆ ಕಂಪನಿಯ ಡೀಸೆಲ್ ಗಾಡಿ ಕಮಲಾಪುರ ದಾಟಿದ ಮೇಲೆ ಹೀಗೇ ನಿಂತಿತು. ಮುಂಚೆ ಸದ್ದಿಲ್ಲ, ಹೊಗೆ ಇಲ್ಲ. ಡ್ರೈವರ್ ಪಾಪ, ಡೀಸೆಲ್ ಬರುತ್ತಿಲ್ಲ ಅಂದುಕೊಂಡು ಮೇಲಿಂದ ಮೇಲೆ ಸೆಲ್ಫ್ ಹೊಡೆದ. ಆಮೇಲೆ ನಾಲ್ಕು ಜನ ಸೇರಿ ತಳ್ಳಿ ಗೇರ್‌ಗೆ ಹಾಕಿ ನೋಡಿದರು. ಪ್ರತಿ ಸಲಕ್ಕೂ ಒಳಗೆ ಪಿಸ್ಟನ್ ಹೋಗಿ ವಾಲ್ವ್‌ಗೆ ಗುದ್ದುತ್ತಲೇ ಇತ್ತು. ಹೆಡ್ (ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗ) ಬಿಚ್ಚಿಸಿದಾಗ ಬಂದ ಬಿಲ್ಲಿನಲ್ಲಿ ಎಷ್ಟೋ ಸಲ ಬೆಲ್ಟ್ ಹಾಕಿಸಬಹುದಿತ್ತು. ಓಡುತ್ತಿರುವ ಗಾಡಿ ಇದ್ದಕ್ಕಿದ್ದ ಹಾಗೆ ಬಂದ್ ಆಗಿ, ಆಮೇಲೆ ಸೆಲ್ಫ್ ಹೊಡೆದಾಗ ಎಂಜಿನ್ ಯಾವತ್ತಿಗಿಂತ ಹಗುರವಾಗಿ ತಿರುಗಿದರೆ ಕೀ ತೆಗೆದುಬಿಡಿ. ಟೋ ಮಾಡಿಸಿ.

ಇನ್ನೋವಾದಲ್ಲಿ ಒಂದು ಒಳ್ಳೆಯ ಅನುಕೂಲ ಇದೆ. ಮೀಟರ್‌ನಲ್ಲಿ ‘ಟಿ-ಬೆಲ್ಟ್’ ಅನ್ನೋ ದೀಪ. ನಮ್ಮದರಲ್ಲಿ ಒಂದೂವರೆ ಲಕ್ಷ ಕಿಲೋಮೀಟರ್ ಹತ್ತಿರ ಹತ್ತಿತು, ಅದೇ ವಾರ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಹಳೇ ಬೆಲ್ಟ್ ಬಿಚ್ಚಿ ಕೈಗೆ ಕೊಟ್ಟರು. ನೋಡಲು ಗಟ್ಟಿಯಾಗೇ ಇತ್ತು. "ಹಿಂಗ ನೋಡಿದ್ರ ಏನೂ ಕಾಣಂಗಿಲ್ರಿ, ತಿರುವಿ ಮಡಚಿ ನೋಡ್ರಿ" ಅಂದರು. ಮಡಚಿದಾಗ ಹಲ್ಲಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು, ಒಂದಲ್ಲ, ಸಾಲಾಗಿ. ಹೊಸ ಬೆಲ್ಟ್ ಜೊತೆ ಅದನ್ನು ಬಿಗಿ ಹಿಡಿಯುವ ಟೆನ್ಷನರ್, ದಾರಿಯಲ್ಲಿಡುವ ಐಡ್ಲರ್ ಗಾಲಿ ಕೂಡ ಬದಲಿಸಿದರು. ಅವುಗಳ ಬೇರಿಂಗ್ ಜಾಮ್ ಆದರೆ ಹೊಸ ಬೆಲ್ಟೂ ಉಳಿಯಲ್ಲ, ಅಲ್ವಾ? ಕೂಡಿಸಿದ ಮೇಲೆ ಸೆಲ್ಫ್ ಮುಟ್ಟಲಿಲ್ಲ. ಪಾನಾ ಹಾಕಿ ಕ್ರ್ಯಾಂಕ್ ಅನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಟೈಮಿಂಗ್ ಗುರುತುಗಳು ಮತ್ತೆ ಎದುರು ಬದುರು ಬಂದಿದ್ದನ್ನು ನೋಡಿ ಆಮೇಲೆ ಕವರ್ ಮುಚ್ಚಿದರು. ಹೀಗೆ ಕೆಲಸ ಮಾಡುವವರ ಹತ್ತಿರವೇ ಹೋಗಿ. ಎಲ್ಲ ಸೇರಿ ಹತ್ತು ಸಾವಿರದ ಆಸುಪಾಸು ಆಯಿತು.

ಆದರೆ ಆ ದೀಪವನ್ನೇ ಪೂರ್ತಿ ನಂಬಬೇಡಿ. ಅದು ಬೆಲ್ಟಿನ ಸ್ಥಿತಿ ನೋಡಲ್ಲ, ಕಿಲೋಮೀಟರ್ ಮಾತ್ರ ಎಣಿಸುತ್ತದೆ. ರಬ್ಬರ್ ನಿಂತಲ್ಲೇ ಹಳೆಯದಾಗುತ್ತದೆ, ನಮ್ಮ ಕಡೆಯ ಬಿಸಿಲಿಗೆ, ಎಣ್ಣೆ ಸೋರಿದರೆ ಇನ್ನೂ ಬೇಗ. ಬೆಲ್ಟ್ ಬದಲಿಸದೆಯೂ ದೀಪ ರಿಸೆಟ್ ಮಾಡಬಹುದು, ಅದಕ್ಕೆ ಮೀಟರ್‌ನ ಟ್ರಿಪ್ ಗುಂಡಿ ಸಾಕು. ಹಾಗಾಗಿ ಹಳೇ ಗಾಡಿ ಕೊಳ್ಳುವಾಗ ದೀಪ ಹತ್ತಿಲ್ಲ ಅನ್ನೋದು ಪುರಾವೆ ಅಲ್ಲ. ಬಿಲ್ ಕೇಳಿ, ಅದರಲ್ಲಿ ತಾರೀಖು, ಕಿಲೋಮೀಟರ್ ಎರಡೂ ಇರಬೇಕು. ಬಿಲ್ ಇಲ್ಲ ಅಂದರೆ ಬೆಲ್ಟ್ ಹಾಕಿಸೇ ಇಲ್ಲ ಅಂತ ತಿಳಿದು, ಆ ಖರ್ಚು ಬೆಲೆಯಲ್ಲಿ ಕಳೆಸಿ, ಗಾಡಿ ಮನೆಗೆ ತರುವ ಮುಂಚೆಯೇ ಹೊಸದು ಹಾಕಿಸಿ.

ಚೈನ್ ಇರುವ ಗಾಡಿಯವರಿಗೂ ಒಂದು ಮಾತು. ಚೈನ್ ಎಂಜಿನ್ ಆಯಿಲಲ್ಲೇ ಓಡುತ್ತದೆ, ಅನೇಕ ಎಂಜಿನ್‌ಗಳಲ್ಲಿ ಅದರ ಟೆನ್ಷನರ್ ಬಿಗಿ ಹಿಡಿಯೋದೂ ಆಯಿಲ್ ಪ್ರೆಷರಿನಿಂದಲೇ. ಆಯಿಲ್ ಬದಲಿಸುವುದನ್ನು ಎಳೆದರೆ ಚೈನ್ ಸವೆದು ಉದ್ದವಾಗುತ್ತದೆ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಮುಂಭಾಗದಿಂದ ಗಲಗಲ ಸದ್ದು ಬಂದರೆ ತಕ್ಷಣ ತೋರಿಸಿ. ಬೆಲ್ಟ್‌ನವರಿಗೆ ಎಷ್ಟೋ ಸಲ ಆ ಸದ್ದಿನ ಸುಳಿವೂ ಸಿಗಲ್ಲ.