ಹಿಂದಿನ ಸಾಲಿಗೆ ಯಾರು ಬೇಕು? ಡ್ರಾಫ್ಟ್‌ಗೆ ಮುನ್ನ ಪಡೆದ ವಿಡಿಯೊ ಸೇವೆಯ ವಿಮರ್ಶೆ

ಮಂಗಳೂರಿನ ನೆಹರೂ ಮೈದಾನದ ಆಸುಪಾಸಿನ ಗೆಳೆಯರು ಕೂಡಿ ಕಟ್ಟಿಕೊಂಡ ನಮ್ಮ ಫುಟ್‌ಬಾಲ್ ತಂಡವು ವಾರಾಂತ್ಯದಲ್ಲಿ ನಡೆಯುವ ಎಂಟು ತಂಡಗಳ ಪಂದ್ಯಾವಳಿಯಲ್ಲಿ ಆಡುತ್ತದೆ. ಊರಿನ ಕ್ರಿಕೆಟ್ ಹಾಗೂ ಕಬಡ್ಡಿ ಲೀಗ್‌ಗಳಲ್ಲಿರುವ ಹರಾಜು ಇಲ್ಲಿ ಇಲ್ಲ. ಚೀಟಿ ಎತ್ತಿ ಸರದಿ ಗೊತ್ತುಮಾಡಿ, ಆ ಸರದಿಯ ಪ್ರಕಾರ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಪದ್ಧತಿ ಇದೆ. ಕಳೆದ ಸಲ ನಮಗೆ ಸೋಲು ತಂದದ್ದು ರಕ್ಷಣಾ ವಿಭಾಗವೇ ಎಂಬುದರಲ್ಲಿ ತಂಡದೊಳಗೆ ಭಿನ್ನಾಭಿಪ್ರಾಯವಿರಲಿಲ್ಲ. ಪರಿಹಾರವೂ ಎಲ್ಲರ ಬಾಯಲ್ಲಿ ಸಿದ್ಧವಾಗಿತ್ತು: ಎತ್ತರದ, ಗಟ್ಟಿಮುಟ್ಟಾದ ಒಬ್ಬ ಸ್ಟಾಪರ್ (ಗೋಲಿನ ಎದುರು ನಡುವಿನಲ್ಲಿ ನಿಲ್ಲುವ ಡಿಫೆಂಡರ್) ಬೇಕು. ನನಗೆ ಮಾತ್ರ ಅದರಲ್ಲಿ ಪೂರ್ತಿ ನಂಬಿಕೆ ಇರಲಿಲ್ಲವಾದ್ದರಿಂದ, ಕೊನೆಯ ಮೂರು ಪಂದ್ಯಗಳನ್ನು ಚಿತ್ರೀಕರಿಸಿ ವಿಶ್ಲೇಷಿಸಿ ಕೊಡುವಂತೆ ನಗರದ ಒಂದು ಸಣ್ಣ ಸಂಸ್ಥೆಗೆ ಹೇಳಿದೆವು. ಆ ಸೇವೆ ಕೊಟ್ಟ ಹಣಕ್ಕೆ ತಕ್ಕುದಾಗಿತ್ತೇ ಎಂಬುದು ಈ ಬರಹದ ವಿಷಯ. ಕೆಲವು ದೂರುಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ.

ಪಂದ್ಯವೊಂದಕ್ಕೆ 2,500 ರೂಪಾಯಿ. ಅಷ್ಟಕ್ಕೆ ಅವರು ಮೈದಾನದ ನಡುಗೆರೆಯ ನೇರಕ್ಕೆ ಎತ್ತರದ ಕಂಬವೊಂದನ್ನು ನಿಲ್ಲಿಸಿ, ಅದರ ತುದಿಯ ಕ್ಯಾಮರಾದಿಂದ ಇಡೀ ಆಟವನ್ನು ಅಗಲವಾಗಿ ಸೆರೆಹಿಡಿಯುತ್ತಾರೆ. ಎರಡು ದಿನಗಳೊಳಗೆ ಪೂರ್ಣ ವಿಡಿಯೊ, ಮುಖ್ಯ ಸನ್ನಿವೇಶಗಳ ತುಣುಕುಗಳು ಮತ್ತು ನಾಲ್ಕು ಪುಟಗಳ ವರದಿಯೊಂದನ್ನು ಮೊಬೈಲಿಗೆ ಕಳುಹಿಸುತ್ತಾರೆ. ಹೇಳಿದ ಸಮಯಕ್ಕೆ ಬಂದರು, ಹೇಳಿದ ದಿನಕ್ಕೆ ಕೊಟ್ಟರು.

ಈ ಸೇವೆಯ ನಿಜವಾದ ಬೆಲೆ ನನಗೆ ತಿಳಿದದ್ದು ಎರಡನೆಯ ಪಂದ್ಯದಲ್ಲಿ ನಾವು ಬಿಟ್ಟ ಒಂದು ಗೋಲಿನಿಂದ. ಎದುರಾಳಿ ಸ್ಟ್ರೈಕರ್ ನಮ್ಮ ಸ್ಟಾಪರ್‌ನ ಬೆನ್ನ ಹಿಂದೆ ನುಸುಳಿ ಚೆಂಡನ್ನು ಒಳಗೆ ತಳ್ಳಿದ್ದನು, ಆ ಹುಡುಗನು ಆ ಸಂಜೆಯಿಡೀ ಬೈಗುಳ ತಿಂದಿದ್ದನು. ಬೋಳಾರದ ಒಂದು ಕೋಣೆಯಲ್ಲಿ ಗೋಳಿಬಜೆ, ಚಹಾ ಇಟ್ಟುಕೊಂಡು ನಾವು ಐದು ಮಂದಿ ಆ ಗೋಲನ್ನು ಹನ್ನೊಂದು ಸೆಕೆಂಡು ಹಿಂದಿನಿಂದ ಮತ್ತೆ ಮತ್ತೆ ನೋಡಿದೆವು. ಮೊದಲಿಗೆ ನಮ್ಮ ಲೆಫ್ಟ್ ಬ್ಯಾಕ್ (ಎಡಬದಿಯ ಡಿಫೆಂಡರ್) ನಡುಗೆರೆ ದಾಟಿ ಮುಂದಕ್ಕೆ ಓಡಿರುವುದು ಕಾಣುತ್ತದೆ. ಅವನು ಒಳಕ್ಕೆ ಕೊಟ್ಟ ಚೆಂಡನ್ನು ನಮ್ಮ ಮಿಡ್‌ಫೀಲ್ಡರ್ ಕಳೆದುಕೊಳ್ಳುತ್ತಾನೆ. ಆ ಕ್ಷಣದಲ್ಲಿ ಇನ್ನೊಬ್ಬ ಮಿಡ್‌ಫೀಲ್ಡರ್ ಕೂಡ ಚೆಂಡಿಗಿಂತ ಮುಂದೆಯೇ ಇದ್ದಾನೆ. ಇಬ್ಬರು ಸ್ಟಾಪರ್‌ಗಳ ಎದುರಿನ ಜಾಗವೆಲ್ಲ ಬಟ್ಟಬಯಲು. ಎದುರಾಳಿಯು ಯಾರ ಅಡ್ಡಿಯೂ ಇಲ್ಲದೆ ಇಪ್ಪತ್ತೈದು ಹೆಜ್ಜೆ ಚೆಂಡನ್ನು ತಂದಾಗ, ಮುಂದಕ್ಕೆ ಹೋಗಿ ಅವನನ್ನು ತಡೆಯಬೇಕೇ ಅಥವಾ ಪಕ್ಕದ ಸ್ಟ್ರೈಕರ್‌ನನ್ನು ಕಾಯಬೇಕೇ ಎಂಬ ಇಕ್ಕಟ್ಟು ನಮ್ಮ ಸ್ಟಾಪರ್‌ನದು. ಅವನು ಮುಂದೆ ಹೋದನು, ಒದ್ದೆ ಹುಲ್ಲಿನ ಮೇಲೆ ಜಾರಿದ ಪಾಸ್ ಅವನು ಬಿಟ್ಟ ಜಾಗದಲ್ಲೇ ಹಾದುಹೋಯಿತು. ಮೈದಾನದ ಅಂಚಿನಲ್ಲಿ ಕೊಡೆ ಹಿಡಿದು ನಿಂತಿದ್ದ ನಮಗೆ ಕಂಡದ್ದು ಕೊನೆಯ ಎರಡು ಸೆಕೆಂಡು ಮಾತ್ರ.

ಮೂರು ಪಂದ್ಯಗಳಲ್ಲಿ ಬಿಟ್ಟ ಏಳು ಗೋಲುಗಳಲ್ಲಿ ನಾಲ್ಕು ಇದೇ ಬಗೆಯವು. ಎತ್ತರದ ಚೆಂಡಿಗೆ ತಲೆ ಕೊಡಲಾಗದೆ ಬಿಟ್ಟದ್ದು ಒಂದೇ, ಅದೂ ಕಾರ್ನರ್‌ನಿಂದ. ಹೀಗಿರುವಾಗ ಆರಡಿಯ ಸ್ಟಾಪರ್‌ನನ್ನು ತಂದರೂ ಅವನಿಗೂ ಅದೇ ಇಕ್ಕಟ್ಟು ಎದುರಾಗುತ್ತಿತ್ತಲ್ಲದೆ ಬೇರೇನೂ ಆಗುತ್ತಿರಲಿಲ್ಲ. ನಮಗೆ ಮೊದಲು ಬೇಕಾದದ್ದು ಆ ಇಬ್ಬರ ಎದುರಿಗೆ ಕದಲದೆ ನಿಲ್ಲುವ, ಚೆಂಡು ಹೋದ ಕಡೆಗೆಲ್ಲ ಓಡುವ ಚಪಲವಿಲ್ಲದ ಒಬ್ಬ ಮಿಡ್‌ಫೀಲ್ಡರ್. ಎರಡನೆಯದಾಗಿ, ಎಡಗಾಲಿನ ಲೆಫ್ಟ್ ಬ್ಯಾಕ್. ಈಗಿರುವವನು ಬಲಗಾಲಿನವನಾದ್ದರಿಂದ ಒತ್ತಡ ಬಂದಾಗಲೆಲ್ಲ ಒಳಕ್ಕೆ ತಿರುಗಿ, ಚೆಂಡನ್ನು ನಮ್ಮದೇ ಗೋಲಿನ ಎದುರಿಗೆ ತರುತ್ತಾನೆ.

ಗೋಲ್‌ಕೀಪರ್‌ನ ವಿಷಯವೂ ಈ ಅಗಲ ನೋಟದಲ್ಲೇ ಹೊರಬಿದ್ದಿತು. ಮೇಲೆ ಹೇಳಿದ ಗೋಲಿನಲ್ಲಿ ಅವನ ಹಿಮ್ಮಡಿ ಕೊನೆಯವರೆಗೂ ಗೆರೆಗೆ ಅಂಟಿಕೊಂಡೇ ಇತ್ತು. ನಾಲ್ಕು ಹೆಜ್ಜೆ ಮುಂದೆ ನಿಂತಿದ್ದರೆ ಆ ಪಾಸ್ ಅವನ ಪಾಲಾಗುತ್ತಿತ್ತು. ತನ್ನವನು ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದೆಂಬ ನಿಯಮ 1992ರಲ್ಲಿ ಬಂದಂದಿನಿಂದ ಅವನೂ ಕಾಲಾಟ ಬಲ್ಲ ಡಿಫೆಂಡರ್ ಆಗಿರಲೇಬೇಕಾಗಿದೆ. ಆದರೆ ನಮ್ಮ ಕೀಪರ್ ಕೈಯ ಕೆಲಸದಲ್ಲಿ ಒಳ್ಳೆಯವನು, ನಿಲ್ಲುವ ಜಾಗವನ್ನು ಅಭ್ಯಾಸದಲ್ಲಿ ತಿದ್ದಬಹುದು. ಅದಕ್ಕಾಗಿ ಡ್ರಾಫ್ಟ್‌ನ ಒಂದು ಸರದಿಯನ್ನು ವ್ಯಯಿಸಬೇಕಾಗಿಲ್ಲ.

ಇನ್ನು ದೂರುಗಳು. ನಾಲ್ಕು ಪುಟಗಳ ಆ ವರದಿಯು ನೋಡಲು ಅಂದವಾಗಿದೆ, ಉಪಯೋಗಕ್ಕೆ ಬರುವುದಿಲ್ಲ. ಕೆಂಪು ಕೆಸರು ಮೆತ್ತಿದ ಜರ್ಸಿಗಳಲ್ಲಿ 3ನ್ನು 8 ಎಂದು ಓದಿ, ಒಬ್ಬನ ಪಾಸ್‌ಗಳನ್ನು ಇನ್ನೊಬ್ಬನ ಲೆಕ್ಕಕ್ಕೆ ಸೇರಿಸಿದ್ದಾರೆ. ಅದಕ್ಕಿಂತ ದೊಡ್ಡ ದೋಷವೆಂದರೆ, ಟ್ಯಾಕಲ್‌ಗಳ, ಅಂದರೆ ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವ ಯತ್ನಗಳ, ಎಣಿಕೆಯನ್ನೇ ಆಧಾರ ಮಾಡಿಕೊಂಡು ನಮ್ಮ ಲೆಫ್ಟ್ ಬ್ಯಾಕ್‌ನನ್ನು ಅತ್ಯುತ್ತಮ ಡಿಫೆಂಡರ್ ಎಂದು ಸಾರಿರುವುದು. ಅವನು ಅಷ್ಟು ಟ್ಯಾಕಲ್ ಮಾಡಬೇಕಾಗಿ ಬಂದದ್ದು ಇರಬೇಕಾದ ಜಾಗದಲ್ಲಿ ಇಲ್ಲದೆ, ಪ್ರತಿ ಸಲ ಹಿಂದಕ್ಕೆ ಓಡಿಬಂದು ನೆಲಕ್ಕೆ ಜಾರಬೇಕಾದ್ದರಿಂದ. ಸರಿಯಾದ ಜಾಗದಲ್ಲಿ ನಿಂತವನಿಗೆ ಜಾರುವ ಪ್ರಸಂಗವೇ ಬಾರದು, ಬಾರದ್ದು ವರದಿಯಲ್ಲಿ ದಾಖಲಾಗದು. ಮೂರನೆಯ ಪಂದ್ಯದಲ್ಲಿ ಮಳೆ ಹೊಡೆದಾಗ ಲೆನ್ಸ್ ಮೇಲೆ ಹನಿ ಕೂತು, ಸುಮಾರು ಹತ್ತು ನಿಮಿಷ ಬಲಬದಿಯ ಆಟವೆಲ್ಲ ಮಂಜಿನೊಳಗೆ ನಡೆದಂತೆ ಕಾಣುತ್ತದೆ. ಕಂಬವನ್ನು ಇಳಿಸಿ ಒರೆಸಿ ಮತ್ತೆ ಏರಿಸುವವರೆಗೆ ಒಂದು ಗೋಲೇ ಆಗಿಹೋಗಿತ್ತು. ಕರಾವಳಿಯಲ್ಲಿ ಈ ಕಸುಬು ಮಾಡುವವರು ಕ್ಯಾಮರಾಕ್ಕೆ ಒಂದು ಮರೆ ಕಟ್ಟಿಕೊಳ್ಳದಿದ್ದರೆ ಹೇಗೆ? ದೂರಿದಾಗ ಆ ಪಂದ್ಯದ ಮೊತ್ತದಲ್ಲಿ 500 ರೂಪಾಯಿ ಕಡಿಮೆ ಮಾಡಿಕೊಂಡರು ಎಂಬುದನ್ನೂ ಹೇಳಬೇಕು.

ಡ್ರಾಫ್ಟ್ ಲೆಕ್ಕಾಚಾರಕ್ಕೆ ಈ ವಿಡಿಯೊ ಹೇಗೆ ನೆರವಾಯಿತೆಂದರೆ, ಚೀಟಿಯಲ್ಲಿ ನಮಗೆ ಬಂದದ್ದು ಆರನೆಯ ಸರದಿ. ಪ್ರತಿ ಸುತ್ತಿಗೂ ಕ್ರಮವು ತಿರುವುಮುರುವಾಗುವುದರಿಂದ ನಮ್ಮ ಆಯ್ಕೆಗಳು 6, 11, 22 ಮತ್ತು 27ನೆಯವು. ಆರು ಮತ್ತು ಹನ್ನೊಂದರ ನಡುವೆ ಹೆಸರು ಕರೆಯುವವರು ಏಳನೆಯ ಹಾಗೂ ಎಂಟನೆಯ ಸರದಿಯ ಎರಡು ತಂಡಗಳು ಮಾತ್ರ. ಅದೃಷ್ಟವಶಾತ್ ನಮ್ಮ ಮೂರು ಪಂದ್ಯಗಳಲ್ಲಿ ಎರಡು ಅವರೊಂದಿಗೇ ಇದ್ದುದರಿಂದ, ಅವರಿಬ್ಬರಲ್ಲೂ ಒಳ್ಳೆಯ ಲೆಫ್ಟ್ ಬ್ಯಾಕ್‌ಗಳಿರುವುದನ್ನೂ ನಡುವಿನ ಜಾಗ ನಮ್ಮಂತೆಯೇ ಪೊಳ್ಳಾಗಿರುವುದನ್ನೂ ಅದೇ ವಿಡಿಯೊದಲ್ಲಿ ನೋಡಿಕೊಂಡೆವು. ಆದ್ದರಿಂದ ಕಾವಲಿನ ಮಿಡ್‌ಫೀಲ್ಡರ್‌ನನ್ನು ಆರರಲ್ಲೇ ಕರೆಯಬೇಕು, ಲೆಫ್ಟ್ ಬ್ಯಾಕ್ ಹನ್ನೊಂದರವರೆಗೆ ಕಾಯಬಹುದು. ಸ್ಟಾಪರ್‌ನ ಮಾತು 22ರಲ್ಲಿ.

ಮೊದಲ ಆಯ್ಕೆಯನ್ನು ಗೋಲು ಹೊಡೆಯುವವನಿಗಲ್ಲದೆ ಬೇರೆಯವರಿಗೆ ಕೊಡುವುದೇ ಎಂದು ನಮ್ಮಲ್ಲಿ ಇಬ್ಬರು ಮುಖ ಸಿಂಡರಿಸಿದರು. 2017ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಡ್ರಾಫ್ಟ್‌ನಲ್ಲಿ, ಬೆಂಗಳೂರು ಎಫ್‌ಸಿಯೊಂದಿಗೆ ಅದೇ ವರ್ಷ ಲೀಗಿಗೆ ಬಂದ ಜಮ್ಶೆಡ್‌ಪುರ ತಂಡವು ಎಲ್ಲರಿಗಿಂತ ಮೊದಲು ಕರೆದದ್ದು ಕೇರಳದ ಡಿಫೆಂಡರ್ ಅನಾಸ್ ಎಡತೊಡಿಕ ಅವರ ಹೆಸರನ್ನು ಎಂದು ನೆನಪಿಸಿದೆ. ಅವರು ಸ್ಟಾಪರ್ ಅಲ್ಲವೇ ಎಂದು ತಕ್ಷಣ ಮರುಪ್ರಶ್ನೆ ಬಂದಿತು. ಹೌದು. ಉದಾಹರಣೆಯು ಅರ್ಧ ನನ್ನ ಪರ, ಅರ್ಧ ಅವರ ಪರ ಆಯಿತು. ಕೊನೆಗೆ ಆ ಹನ್ನೊಂದು ಸೆಕೆಂಡನ್ನು ಮತ್ತೊಮ್ಮೆ ಹಾಕಿ ತೋರಿಸಬೇಕಾಯಿತು.

ನನ್ನ ಅಭಿಪ್ರಾಯದಲ್ಲಿ ಇದು ಐದಕ್ಕೆ ಮೂರೂವರೆ ಅಂಕಗಳ ಸೇವೆ. ಪೂರ್ಣ ವಿಡಿಯೊ ಮಾತ್ರ ಸಾಕು, ವರದಿ ಬೇಡ ಎಂದರೆ ಪಂದ್ಯಕ್ಕೆ 1,800 ರೂಪಾಯಿಗೆ ಕೊಡುವುದಾಗಿ ಅವರೇ ಈಗ ಹೇಳಿದ್ದಾರೆ, ಅದನ್ನೇ ಕೇಳಿ ಪಡೆಯುವುದು ಉತ್ತಮ. ಜರ್ಸಿ ಸಂಖ್ಯೆಗಳ ಪಟ್ಟಿಯನ್ನು ಮುಂಚಿತವಾಗಿ ಕೊಡಿ, ಕಂಬವನ್ನು ಗಾಳಿಮಳೆ ಬರುವ ದಿಕ್ಕಿಗೆ ಬೆನ್ನು ಮಾಡಿ ನಿಲ್ಲಿಸಲು ಹೇಳಿ. ಅವರಲ್ಲಿ ಇರುವುದು ಒಂದೇ ಕಂಬವಾದ್ದರಿಂದ, ಭಾನುವಾರದ ಪಂದ್ಯಕ್ಕೆ ಬುಧವಾರದೊಳಗೆ ಹೇಳಿಡಬೇಕಾಗುತ್ತದೆ.