ವಿಎಸ್ ಕೋಡ್‌ನಲ್ಲಿ ಪ್ಲಗಿನ್ ಶಾರ್ಟ್‌ಕಟ್ ಬದಲಿಸಲು ಪಟ್ಟಿಯೋ, ಫೈಲೋ?

ಕೋಡ್ ಬರೆಯುವ ಎಡಿಟರ್ ಆದ ವಿಎಸ್ ಕೋಡ್‌ಗೆ ಹೊಸ ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ತುಣುಕು) ಬಂದು, ಕೈಗೆ ಪಳಗಿದ ಕೀಯನ್ನೇ ಕಿತ್ತುಕೊಂಡರೆ ಕಿರಿಕಿರಿ ಆಗುತ್ತದೆ, ಅಲ್ವಾ? ಬದಲಿಸಲು ಎರಡು ದಾರಿಗಳಿವೆ: ಶಾರ್ಟ್‌ಕಟ್ ಪಟ್ಟಿ, ಇಲ್ಲವೇ ಯಾವ ಕೀಗೆ ಯಾವ ಕೆಲಸ ಅಂತ ನಾವೇ ಬರೆಯುವ ಕೀಬೈಂಡಿಂಗ್ಸ್ ಜೇಸನ್ (keybindings.json) ಫೈಲ್.

ಸುಲಭ ಅಂದರೆ ಪಟ್ಟಿಯೇ. ವಿಂಡೋಸ್, ಲಿನಕ್ಸ್‌ನಲ್ಲಿ ಕಂಟ್ರೋಲ್ ಕೆ, ಆಮೇಲೆ ಕಂಟ್ರೋಲ್ ಎಸ್ ಒತ್ತಿ. ಕಮಾಂಡ್ ಹುಡುಕಿ ಡಬಲ್ ಕ್ಲಿಕ್ ಮಾಡಿ, ಹೊಸ ಕೀ ಒತ್ತಿ ಎಂಟರ್ ಕೊಡಿ. ಅದೇ ಕೀ ಬೇರೆ ಕಮಾಂಡಿಗೂ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಒಂದೆರಡು ಕೀಗೋಸ್ಕರ ಫೈಲ್ ತೆರೆಯುವುದು ಸುಮ್ನೆ ತಲೆನೋವು.

ಹತ್ತಾರು ಕೀ ಬದಲಿಸುವುದಿದ್ದರೆ ನನ್ನ ಒಲವು ಫೈಲಿನ ಕಡೆಗೆ. ಕಮಾಂಡ್ ಹೆಸರಿನ ಆರಂಭದಲ್ಲಿ ಮೈನಸ್ ಗುರುತು ಹಾಕಿದರೆ ಪ್ಲಗಿನ್ ಕೊಟ್ಟ ಕೀ ಕಳಚಿಕೊಳ್ಳುತ್ತದೆ. 'ವೆನ್' (when, ಅಂದರೆ ಯಾವಾಗ) ಷರತ್ತು ಬರೆದು, ಮಾರ್ಕ್‌ಡೌನ್ (ಸರಳ ಗುರುತುಗಳಿಂದ ಬರೆದ ಪಠ್ಯ) ಫೈಲ್ ತೆರೆದಾಗ ಮಾತ್ರ ಈ ಕೀ ನಡೆಯಲಿ ಅನ್ನಬಹುದು. ನಿಯಮಗಳನ್ನು ಎಡಿಟರ್ ಕೆಳಗಿನಿಂದ ಮೇಲಕ್ಕೆ ನೋಡುತ್ತದೆ. ಹಾಗಾಗಿ ಒಂದೇ ಕೀಗೆ ಎರಡು ನಿಯಮ ಹೊಂದಿದರೆ ಕೆಳಗಿನದ್ದೇ ನಡೆಯುತ್ತದೆ. ಯಾಕೆ ಬದಲಿಸಿದೆವು ಅಂತ ಪಕ್ಕದಲ್ಲೇ ಟಿಪ್ಪಣಿ ಬರೆದಿಡಬಹುದು. ಇದು ನನಗೆ ತುಂಬಾ ಇಷ್ಟ.

ಬಾಳಿಕೆಯಲ್ಲಿ ವ್ಯತ್ಯಾಸವಿಲ್ಲ. ಪಟ್ಟಿಯಲ್ಲಿ ಬದಲಿಸಿದ್ದೂ ಅದೇ ಫೈಲಿಗೆ ಸೇರುತ್ತದೆ. ಪ್ಲಗಿನ್ ತನ್ನ ಕಮಾಂಡಿನ ಹೆಸರನ್ನೇ ಬದಲಿಸಿದರೆ ಎರಡೂ ಕೆಡುತ್ತವೆ.

ಹೊಸಬರಿಗೆ ಪಟ್ಟಿ ಸಾಕು. ಹಲವು ಪ್ಲಗಿನ್‌ಗಳ ಜಗಳ ಬಿಡಿಸಬೇಕಾದವರು ಫೈಲಿಗೇ ಹೋಗಲಿ.